ಅಮ್ಮನ ಗೋರಿಯ ಮೇಲಿನ ಕಪ್ಪು ಚೌಕ

ಮಾನ್ಯ ನಗರ ಖಬರಸ್ತಾನ ಇಲಾಖೆಯ ಮುಖ್ಯಾಧಿಕಾರಿಗಳೇ,

ತಮ್ಮ ಕೃಪೆಯಿಂದ ನನ್ನ ತಾಯಿ ಕಳೆದುಹೋಗಿದ್ದಾಳೆ. ಸತ್ತು ಆರು ವರ್ಷವಾಗುತ್ತ ಬಂದು, ಮಣ್ಣಿನಡಿ ತೆಪ್ಪಗೆ ಮಲಗಿದ್ದವಳನ್ನೂ ಕಳೆದುಹಾಕಬಹುದೆಂದು ತೋರಿಸಿಕೊಟ್ಟ ಇಲಾಖೆ ಇಡೀ ಜಾವಾದಲ್ಲಿ ತಮ್ಮದೊಂದೇ ಇರಬೇಕು.

ಕ್ಯೂಆರ್ ಕೋಡ್ ಕಂಡರಾಗದ ಹಳೇ ಕಾಲದವನೆಂದು ನನ್ನನ್ನು ತಳ್ಳಿಹಾಕಬೇಡಿ. ನಾನು ಕ್ಷೌರಿಕ. ನನ್ನ ಅಂಗಡಿಯ ಕನ್ನಡಿಗೇ ಅದನ್ನು ಅಂಟಿಸಿದ್ದೇನೆ. ಚಿಲ್ಲರೆಯಿಲ್ಲವೆಂದು ಗಿರಾಕಿಯ ಕೈಗೆ ಪೆಪ್ಪರಮಿಂಟು ತುರುಕುವ ಕಾಟ ತಪ್ಪಿದೆ. ಸೋತೋ ಸಾರಿನ ಗಾಡಿಯಿಂದ ಮಸೀದಿಯ ಕಾಣಿಕೆ ಪೆಟ್ಟಿಗೆಯವರೆಗೆ ಎಲ್ಲೆಡೆ ಅದಿದೆ, ಉಪಕಾರವೂ ಆಗಿದೆ. ಆದರೆ ಕೋಡ್ ಅಂಟಿಸಿದ ಮಾತ್ರಕ್ಕೆ ಗಾಡಿಯವನು ಸಾರಿನ ಪಾತ್ರೆಯನ್ನೇ ಎಸೆದನೇ? ತಾವು ಎಸೆದಿರಿ. ಅಂದ ಹೆಚ್ಚಲೆಂದು, ಹೆಸರು ಕೆತ್ತಿದ್ದ ಮರದ ಫಲಕಗಳನ್ನೆಲ್ಲ ಕಿತ್ತು, ಒಂದೇ ಅಳತೆಯ ಸಿಮೆಂಟು ಕಲ್ಲು ನೆಟ್ಟು, ಅದಕ್ಕೆ ಕೋಡ್ ಅಂಟಿಸಿದಿರಿ. ಹಳೆಯ ಸಂಖ್ಯೆಗಳು ರದ್ದಾದವು. ಹೆಸರು, ತಾರೀಖು, ಗೋರಿಯ ಹೊಸ ಸಂಖ್ಯೆ ಎಲ್ಲವೂ ಕೋಡಿನೊಳಗಿವೆ ಎಂದಿರಿ.

ರಂಜಾನಿಗೆ ಮುಂಚಿನ ಭಾನುವಾರ, ವಾಡಿಕೆಯಂತೆ, ಗುಲಾಬಿ ಪಕಳೆ ಹಿಡಿದು ಹೋದೆ. ಅಂದಾಜಿನ ಮೇಲೆ ಒಂದು ಗೋರಿಯೆದುರು ಕೂತು ಫೋನ್ ಹಿಡಿದರೆ ಜೂಜಿನ ಜಾಹೀರಾತು ಬಂತು. ತುಂಡುಲಂಗದ ಹುಡುಗಿಯೊಬ್ಬಳು ಕುಣಿಯುತ್ತ, ನನ್ನ ಅದೃಷ್ಟ ಖುಲಾಯಿಸಿತೆಂದು ಸಾರುತ್ತಿದ್ದಳು. ಪಕ್ಕದ ಗೋರಿಯಲ್ಲೂ ಅವಳೇ. ತಮ್ಮ ಜಾಲತಾಣವನ್ನು ಜೂಜಿನವರು ಹೊಡೆದುಕೊಂಡು ಎಷ್ಟೋ ತಿಂಗಳಾಯಿತಂತೆ. ಅಷ್ಟರಲ್ಲಿ ವಾರ್ಸಿಹ್ ಎಂಬ ಹೆಂಗಸು ಹೂವಿನ ಬುಟ್ಟಿ ಹಿಡಿದು ಅದೇ ಗೋರಿಗೆ ಬಂದರು.

"ಅಕ್ಕಾ, ಇದು ನಮ್ಮಮ್ಮಂದು," ಎಂದೆ.

"ಅಲ್ಲಪ್ಪ, ನಮ್ಮೆಜಮಾನ್ರದ್ದು. ನಲ್ಲಿಯಿಂದ ನಾಲ್ಕನೇದು."

"ನಲ್ಲಿನೇ ಕಿತ್ತಾಕಿದಾರಲ್ಲಕ್ಕ."

ಆಕೆ ನನ್ನ ಫೋನಿನೊಳಗೆ ಇಣುಕಿದರು. "ನೋಡು, ಜೂಜು ಬಂತಲ್ಲ, ಇನ್ನೇನು ಅನುಮಾನ? ಅವರೇ ಇದು. ಮನೆ ಮಠ ಎಲ್ಲ ಆಡಿ ಕಳೆದೋರು," ಎಂದು ನಕ್ಕರು. ನಗುತ್ತಲೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಅರ್ಧ ಹೂವು ನೀನು ಹಾಕು, ಅರ್ಧ ನಾನು ಹಾಕ್ತೀನಿ. ಒಳಗೆ ಯಾರಿದಾರೋ ಅವರಿಗೆ ಸೇರಲಿ," ಎಂದರು.

ಹೂವು ಹಂಚಿಕೊಳ್ಳಬಹುದು, ಸ್ವಾಮಿ. ಪರವಾನಗಿ? ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಅದೇ ಗುಂಡಿಯಲ್ಲಿ ಬೇರೊಬ್ಬರನ್ನು ಹೂಳುವುದು ತಮ್ಮ ನಿಯಮ. ಅಮ್ಮನ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಅರ್ಜಿಗೆ ಗೋರಿಯ ಸಂಖ್ಯೆ ಬೇಕು, ಸಂಖ್ಯೆ ಕೋಡಿನೊಳಗಿದೆ, ಕೋಡಿನೊಳಗೆ ಹುಡುಗಿ ಕುಣಿಯುತ್ತಿದ್ದಾಳೆ. ತಮ್ಮ ಗುಮಾಸ್ತರನ್ನು ವಿಚಾರಿಸಿದೆ.

"ಸಿಸ್ಟಮ್ ಸರಿಯಾಗ್ಲಿ, ಆಮೇಲೆ ಬನ್ನಿ."

"ಅಷ್ಟ್ರಲ್ಲಿ ಅಗೆದುಬಿಟ್ರೆ?"

"ಅಗೆಯೋರು ಬೇರೆ ವಿಭಾಗ, ಅಣ್ಣ."

ಮರದ ಫಲಕಗಳು ಸೌದೆಗೆ ಹೋದವಂತೆ. ಯಾರ ಗೋರಿ ಯಾವುದೆಂದು ಈಗ ತಮಗೂ ಗೊತ್ತಿಲ್ಲ. ಆದರೇನು, ಗೊತ್ತಿಲ್ಲದೆಯೂ ಅಗೆಯಬಹುದಲ್ಲವೇ?

ಹೆಸರು ಮರಳಿಸಿ ಎಂದು ಕೇಳುವ ಆಸೆ ಬತ್ತಿದೆ. ಅದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇಷ್ಟು ಮಾತ್ರ ಮಾಡಿ. ಅಮ್ಮ ಒಮ್ಮೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಮೂಳೆ ಸೊಟ್ಟಗೇ ಕೂಡಿಕೊಂಡಿತು. ಅಗೆಯುವವರಿಗೆ ಹೇಳಿಡಿ: ಅಂಥ ಮೂಳೆ ಸಲಿಕೆಗೆ ಸಿಕ್ಕರೆ ಕೈ ತಡೆದು ನನಗೊಂದು ಮಾತು ಹೇಳಿ ಕಳಿಸಲಿ. ಅಂಗಡಿ ಮುಚ್ಚಿ ಓಡಿ ಬರುತ್ತೇನೆ.

ಇಂತಿ,
ಸತ್ತ ತಾಯಿಯ ಗುರುತು ಹೇಳಬೇಕಾಗಿ ಬಂದ ಮಗ,
ಜಾರ್ವೊ