ಪೆನ್ಸಿಲ್ ಮುಚ್ಚಿದ ಗೀರು

ಬೈರೂತ್, ಸೋಮವಾರ

ಅರಾಕ್ಸಿ ಅಕ್ಕನಿಗೆ ರಬಾಬಳ ಸಲಾಮು.

ನೀವು ತೆಗೆದ ನನ್ನ ಬೆತ್ತಲೆ ಚಿತ್ರ ಮಲಗುವ ಕೋಣೆಯ ಗೋಡೆಯ ಮೇಲಿದೆ. ಅದನ್ನು ನೋಡುವವಳು ನಾನೊಬ್ಬಳೇ. ಅಂದು ನಿಮ್ಮ ಸ್ಟುಡಿಯೋದ ಕಿಟಕಿಯ ಬೆಳಕಿನಲ್ಲಿ ಬಟ್ಟೆ ಕಳಚಿ ನಿಂತಾಗ ಮೈಯೆಲ್ಲ ಬಿಗಿದುಕೊಂಡಿದ್ದೆ. "ಹೊಟ್ಟೆ ಒಳಗೆಳ್ಕೋಬೇಡ ಕಣೇ, ಇದೇನು ಪಾಸ್‌ಪೋರ್ಟ್ ಫೋಟೋನಾ?" ಎಂದು ನೀವು ಗದರಿದಿರಿ. ನಕ್ಕುಬಿಟ್ಟೆ. ಗಂಡ ಬಿಟ್ಟುಹೋದ ಈ ಹನ್ನೊಂದು ವರ್ಷಗಳಲ್ಲಿ ನನ್ನನ್ನು ಯಾರೂ ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ.

ಚಿತ್ರ ಒಯ್ಯಲು ಬಂದ ದಿನ ನೀವಿರಲಿಲ್ಲ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುವ ನಿಮ್ಮ ಗರೊ ಚಿಕ್ಕಪ್ಪ ಕೊಟ್ಟರು. "ಹೊಟ್ಟೆ ಮೇಲಿನ ಹೊಲಿಗೆ ಗೀರು ಮುಚ್ಚೋಕೆ ಎರಡು ಪೆನ್ಸಿಲ್ ಸವೆದ್ವಮ್ಮಾ. ಈಗ ನೋಡು, ಮದುಮಗಳ ಹಾಗಿದ್ದೀಯ!" ಎಂದರು. ಐವತ್ತು ವರ್ಷ ಮದುಮಕ್ಕಳ ಮುಖದ ಕಲೆಗಳನ್ನು ಅಳಿಸಿದ ಕೈ ಅವರದು. ಹೇಳದಿದ್ದರೂ ಕೆಲಸ ಮಾಡುತ್ತದೆ. ಅವರ ಸಂತೋಷ ಕೆಡಿಸಲು ಮನಸ್ಸಾಗದೆ ವಂದನೆ ಹೇಳಿ ಬಂದೆ. ಮನೆಯಲ್ಲಿ ಆ ನುಣುಪಾದ ಹೊಟ್ಟೆಯನ್ನು ಬಹಳ ಹೊತ್ತು ನೋಡಿದೆ. ಅದು ನನ್ನದಲ್ಲ.

ಅಕ್ಕ, ನೆಗೆಟಿವ್ ಮೇಲಿನ ಪೆನ್ಸಿಲನ್ನು ಒರೆಸಿ ಇನ್ನೊಂದು ಪ್ರತಿ ತೆಗೆದುಕೊಡಿ. ಚಿಕ್ಕಪ್ಪ ಊಟಕ್ಕೆ ಹೋದಾಗ ಮಾಡಿದರೆ ಅವರಿಗೂ ಬೇಸರವಾಗದು. ಗುರುವಾರ ಬಂದು ಒಯ್ಯುತ್ತೇನೆ.

ಆ ಗೀರಿನ ದಾರಿಯಲ್ಲಿ ಬಂದ ನನ್ನ ಮಗಳು ಒಂದೇ ಹಗಲು ಬದುಕಿದ್ದಳು. ಅವಳದು ಬೇರೆ ಫೋಟೋ ಇಲ್ಲ.

ನಿಮ್ಮ
ರಬಾಬ್