ಮಕ್ಕಳು ರಂಜಿತಳ ಮನೆಯಲ್ಲಿದ್ದಾರೆ

ಬೆಂಗಳೂರು, ಡಿಸೆಂಬರ್ 25

ಬೂದಿಗೆರೆಯ ಅಣ್ಣನಿಗೆ ತಮ್ಮ ಮುನಿರಾಜು ಮಾಡುವ ನಮಸ್ಕಾರ.

ನಮ್ಮ ತಂಗಿ ರಂಜಿತ ತಾನೇ ಮೆಚ್ಚಿ ಮದುವೆಯಾದಾಗಿನಿಂದ, ಅವಳ ಹೆಸರೆತ್ತಿದರೆ ನೀನು ಫೋನ್ ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದವನ್ನು ನಮ್ಮೂರ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ.

ನಿನ್ನ ಮಕ್ಕಳಿಗೆ ಕ್ರಿಸ್‌ಮಸ್ ತೋರಿಸಲು ನನ್ನಂಥ ಚಿಕ್ಕಪ್ಪ ಇಡೀ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಯಾರನ್ನೂ ದಾರಿ ಕೇಳದೆ ಮೆಟ್ರೋ ಹತ್ತಿಸಿದೆ, ಕೇಕ್ ಕೊಡಿಸಿದೆ, ದೊಡ್ಡ ಚರ್ಚಿಗೂ ಕರೆದೊಯ್ದೆ. ಅಲ್ಲಿ ಹುಲ್ಲಿನ ಮೇಲೆ ಬಾಲಯೇಸುವಿನ ಗೊಂಬೆ ಮಲಗಿಸಿದ್ದರು. ಮಗುವನ್ನು ಮೊದಲ ಸಲ ಬರಿಗೈಲಿ ನೋಡಬಾರದಲ್ಲ, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಅದರ ಕೈಗೊಂದು ನೋಟು ಇಟ್ಟೆ. ಕಾವಲಿನವನು, "ಏನ್ ಗುರು, ಕಾಣಿಕೆ ಡಬ್ಬಿ ಆ ಕಡೆ ಐತೆ!" ಎಂದ. ಸುತ್ತಲಿದ್ದವರೆಲ್ಲ ನಕ್ಕರು.

ನಿನ್ನ ಮಗಳು ಸಿಂಚನ ನಗಲಿಲ್ಲ. "ಚಿಕ್ಕಪ್ಪಾ, ರಂಜಿತ ಅತ್ತೆ ಪಾಪುನ ನಮ್ಮನೆಯಿಂದ ಯಾರೂ ನೋಡೇ ಇಲ್ವಲ್ಲಾ?" ಎಂದಳು.

ಅಲ್ಲಿಂದಲೇ ಆಟೋ ಹಿಡಿದು ಸೀದಾ ರಂಜಿತಳ ಮನೆಗೆ ಬಂದೆವು. ಅವಳು ಬಾಗಿಲಲ್ಲೇ ನಿಂತು, "ದೊಡ್ಡಣ್ಣ ಹೇಳಿ ಕಳ್ಸಿದ್ನಾ?" ಎಂದು ಕೇಳಿದಳು. ನಾನು "ಹೂಂ ಕಣಮ್ಮ" ಅಂದುಬಿಟ್ಟೆ. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದವಳು, ಮಗುವನ್ನು ತಂದು ನಿನ್ನ ಮಕ್ಕಳ ಮಡಿಲಿಗೆ ಹಾಕಿದಳು.

ಭಾನುವಾರ ಮಗುವಿಗೆ ಕಿವಿ ಚುಚ್ಚಿಸುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನನ್ನ ತೊಡೆ ಗಟ್ಟಿಯೇ, ಆದರೆ ಹಿರಿಯವನು ನೀನಿರುವಾಗ ನಾನು ಕೂರುವುದು ಚೆನ್ನಾಗಿರುವುದಿಲ್ಲ. ಅಲ್ಲಿಯವರೆಗೆ ಮಕ್ಕಳು ಇಲ್ಲೇ ಇರುತ್ತಾರೆ. ಕರೆದುಕೊಂಡು ಹೋಗಲು ಅತ್ತಿಗೆಯ ಜೊತೆ ನೀನೇ ಬಾ.

ನೀನು ಬರುತ್ತೀಯ ಅಂತಲೂ ಹೇಳಿಬಿಟ್ಟಿದ್ದೇನೆ.

ಇಂತಿ ನಿನ್ನ ತಮ್ಮ,
ಮುನಿರಾಜು