ಶನಿವಾರದ ಆಟಕ್ಕೆ ಮೊದಲು

ಕೆದಾಯ್ನ್ಯಾಯ್,
ನವೆಂಬರ್ 28, ಮಂಗಳವಾರ ಮಧ್ಯಾಹ್ನ

ಪ್ರೀತಿಯ ವಿತೇನಿಸ್,

ಹೇಗಿದ್ದೀಯಪ್ಪ? ಎಡ ಮೊಣಕಾಲಿನ ಬಾವು ಇಳಿಯಿತೇ? ಆಟ ಮುಗಿದ ಮೇಲೆ ಐಸ್ ಕಟ್ಟಿಕೊಳ್ಳುತ್ತೀಯೋ, ಇಲ್ಲ ಬೆವರು ಆರುವ ಮೊದಲೇ ಸಮುದ್ರದ ದಡಕ್ಕೆ ಹೋಗಿ ಕೂರುತ್ತೀಯೋ? ನೀನಿರುವ ಮಾಲ್ಟಾದಲ್ಲಿ ಜನ ಈಗಲೂ ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಾರಂತೆ, ಡೈವಾ ಹೇಳಿದಳು. ಇಲ್ಲಿ ನದಿಯ ಅಂಚು ಆಗಲೇ ಹೆಪ್ಪುಗಟ್ಟಿದೆ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಸ್ವಲ್ಪ ಏರಿದೆ, ಯಾಕೆಂದು ಕೆಳಗೆ ಬರೆದಿದ್ದೇನೆ. ಎಲೆಕೋಸು ಹುಳಿಗೆ ಹಾಕಿದ್ದಾಯಿತು. ಸೌತೆಕಾಯಿಗೆ ಈ ಸಲ ಉಪ್ಪು ಹೆಚ್ಚಾಯಿತು ಎಂದು ಪಕ್ಕದ ಮನೆಯ ಕಾಝಿಸ್ ಮೂತಿ ತಿರುಗಿಸುತ್ತಾನೆ, ಆದರೆ ಜಾಡಿ ಮಾತ್ರ ಖಾಲಿಯಾಗುತ್ತಿದೆ. ಸತ್ತವರ ಹಬ್ಬದ ದಿನ ನಿನ್ನ ಅಮ್ಮನ ಸಮಾಧಿಗೆ ನಿನ್ನ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚಿ ಬಂದೆ. ಗಾಳಿಗೆ ಆರಿ ಆರಿ ಹೋಗುತ್ತಿತ್ತು. ಕೊನೆಗೆ ಕಾಝಿಸ್ ತನ್ನ ಟೋಪಿ ತೆಗೆದು ಅಡ್ಡ ಹಿಡಿದ, ಪಾಪ, ಬೋಳುತಲೆಯಲ್ಲಿ ನಡುಗುತ್ತಾ.

ಡೈವಾ ಅಂದರೆ ಈ ಕಾಝಿಸನ ಮಗಳು, ಅಲ್ಲೇ ನಿಮ್ಮೂರಿನ ಹೋಟೆಲಿನಲ್ಲಿ ಕೆಲಸಕ್ಕಿರುವವಳು, ನೆನಪಿದೆಯಲ್ಲ? ರಜೆ ಮುಗಿಸಿ ನಾಳೆ ವಿಮಾನ ಹತ್ತುತ್ತಾಳೆ. ಈ ಪತ್ರ ಅವಳ ಕೈಯಲ್ಲೇ ಬರುತ್ತದೆ. ಫೋನಿರುವಾಗ ಕಾಗದ ಯಾಕೆ ದೊಡ್ಡಮ್ಮ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯುವುದಕ್ಕೆ ಬಿಡುವುದಿಲ್ಲ. ಭಾನುವಾರ ಸಂಜೆಯೂ ಬಿಡಲಿಲ್ಲ.

ಸೌದೆಯ ವಿಷಯದಿಂದಲೇ ಶುರುಮಾಡುತ್ತೇನೆ. ಸೆಪ್ಟೆಂಬರಿನಲ್ಲಿ ಒಂದು ದಿನ ನಮ್ಮ ಗೇಟಿನ ಮುಂದೆ ಲಾರಿ ಬಂದು ನಿಂತಿತು. ಲಾರಿ ತುಂಬಾ ಬರ್ಚ್ ಮರದ ಸೌದೆ. ಸೀಳಿ, ಒಣಗಿಸಿ, ಒಲೆಯ ಅಳತೆಗೆ ಕೊಯ್ದದ್ದು. ಜೊತೆಯಲ್ಲಿ ಇಳಿದವನು ಎರಿಕಾಸ್. ನೀನು ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದಾಗ ನಿನ್ನ ಪಕ್ಕದಲ್ಲೇ ಆಡುತ್ತಿದ್ದ ಎರಿಕಾಸ್, ನಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಕಡುಬು ತಿಂದು ತಿಂದು ಬೆಂಚಿನ ಮೇಲೇ ಮಲಗಿಬಿಡುತ್ತಿದ್ದನಲ್ಲ, ಅವನೇ. ಈಗ ಹೊಟ್ಟೆ ಬಂದಿದೆ. ಬೂಟು ಮಾತ್ರ ಬಹಳ ಚೆನ್ನಾಗಿದೆ. "ನಿಮ್ಮ ಹುಡುಗನ ಕಡೆಯಿಂದ, ದೊಡ್ಡಮ್ಮ, ಚಳಿಗಾಲಕ್ಕೆ" ಎಂದ. ನಾನು ನಂಬಿದೆ. ನಂಬದೆ ಏನು ಮಾಡಲಿ? ನೀನು ಲಾಟ್ವಿಯಾದಲ್ಲಿ ಆಡುವಾಗ ಹೊಗೆ ಹಾಕಿದ ಮೀನು ಯಾರದೋ ಕಾರಿನ ಡಿಕ್ಕಿಯಲ್ಲಿ ಬಂತು. ಕಝಾಕಿಸ್ತಾನದಿಂದ ಉಣ್ಣೆಯ ಚಪ್ಪಲಿ ಯಾರೋ ಲಾರಿ ಚಾಲಕ ತಂದು ಕೊಟ್ಟ, ಅವನ ಹೆಸರೂ ಕೇಳಲಿಲ್ಲ. ಸೈಪ್ರಸ್ಸಿನ ಕಿತ್ತಳೆ ಪೆಟ್ಟಿಗೆಯನ್ನು ಕನ್ಯಾಸ್ತ್ರೀಯೊಬ್ಬರು ಹೊತ್ತು ತಂದರು! ದೂರದಲ್ಲಿರುವವರು ಹೀಗೆ ಕೈಯಿಂದ ಕೈಗೆ ಏನಾದರೂ ಕಳಿಸುವುದೇ ನಮ್ಮಲ್ಲಿ ರೂಢಿ. ಬಂತು ಎಂದು ಫೋನ್ ಮಾಡಿದರೆ ನಿನಗೆ ಸಿಟ್ಟು. "ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡ್ಬೇಡ ದೊಡ್ಡಮ್ಮ, ನಾನೇನು ಹೊರಗಿನವನಾ?" ಎಂದು ನೀನೇ ರೇಗಿದ್ದೀಯ. ಹಾಗಾಗಿ ನಾನು ಸೌದೆಯ ಮಾತೇ ಎತ್ತಲಿಲ್ಲ. ಎರಿಕಾಸನಿಗೆ ಊಟ ಹಾಕಿ, ಒಂದು ಜಾಡಿ ಜೇನುತುಪ್ಪ ಕೊಟ್ಟು ಕಳಿಸಿದೆ. ಅಕ್ಟೋಬರಿನಿಂದ ಒಲೆ ಉರಿಸುತ್ತಿದ್ದೇನೆ. ಅರ್ಧ ರಾಶಿ ಬೂದಿಯಾಗಿದೆ.

ಈಗ ಮೊನ್ನೆ ಶನಿವಾರದ ಆಟ. ಕಾಝಿಸನ ಮನೆಯಲ್ಲಿ ಕಂಪ್ಯೂಟರಿನಲ್ಲಿ ನೋಡಿದೆವು, ಅವನಿಗೆ ಹೇಗೋ ಸಿಗುತ್ತದೆ. ಬಾಸ್ಕೆಟ್‌ಬಾಲ್ ಬಿಟ್ಟು ಬೇರೆ ಆಟವೇ ಇಲ್ಲವೆನ್ನುವವನು ನನಗೋಸ್ಕರ ಹಾಕಿ ಕೊಡುತ್ತಾನೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಆ ಹುಡುಗ ಕಾಲಲ್ಲಿ ಮಾಡೋದನ್ನ ಕೈಯಲ್ಲಿ ಮಾಡಿದ್ರೆ ಇಷ್ಟೊತ್ತಿಗೆ ಅಮೆರಿಕದಲ್ಲಿ ಬಂಗಲೆ ಕಟ್ಟಿಸ್ತಿದ್ದ, ಎಲ್ವೀರಾ" ಎನ್ನುವುದು ಅವನ ಹಳೆಯ ಹಾಡು. ಆದರೆ ಮೊನ್ನೆ ಅವನು ಬೇರೆ ಮಾತಾಡಿದ. ಮೊದಲರ್ಧ ಮುಗಿಯುವ ಹೊತ್ತಿಗೆ ಕುರ್ಚಿ ಮುಂದಕ್ಕೆಳೆದುಕೊಂಡು, "ಏನಾಗಿದೆ ಇವನ ಕಾಲಿಗೆ? ಎದುರಾಳಿ ಬಂದ್ರೆ ದಾರಿ ಬಿಡ್ತಾನೆ, ಬಸ್ಸಲ್ಲಿ ಮುದುಕಿಗೆ ಸೀಟು ಬಿಟ್ಟ ಹಾಗೆ" ಎಂದ. ನಾನು ನಗಲಿಲ್ಲ. ನಾನೂ ಅದನ್ನೇ ನೋಡುತ್ತಿದ್ದೆ. ಹತ್ತು ನಂಬರಿನ ಆ ಕುಳ್ಳ ಹುಡುಗ ಮೂರು ಸಲ ನಿನ್ನ ಮುಂದೆಯೇ ಚೆಂಡು ಒಯ್ದ, ಮೂರು ಸಲವೂ ನೀನು ಕಾಲು ಚಾಚಿ ಹಿಂದಕ್ಕೆಳೆದುಕೊಂಡೆ. ನೀನು! ಗೋಲು ಹೊಡೆಯುವವರು ಎಲ್ಲ ದೇಶದಲ್ಲೂ ಸಿಗುತ್ತಾರೆ. ನಿನ್ನನ್ನು ಆರು ದೇಶಗಳವರು ಕರೆದು ಇಟ್ಟುಕೊಂಡದ್ದು ನಡುಮೈದಾನದಲ್ಲಿ ಯಾರ ಕಾಲಿಂದಲಾದರೂ ಚೆಂಡು ಕಿತ್ತುಕೊಳ್ಳುತ್ತೀಯ ಎಂದೇ ಅಲ್ಲವೇ? ಪೋಲೆಂಡಿನ ಮುದುಕ ಕೋಚ್ ನಿನ್ನನ್ನು "ಇಕ್ಕಳ" ಎಂದು ಕರೆಯುತ್ತಿದ್ದನಂತೆ. ಮೊಣಕಾಲು ನೋವಿರಬೇಕು ಎಂದುಕೊಂಡು ಅವತ್ತು ಮನೆಗೆ ಬಂದು ಜಪಮಾಲೆ ಹಿಡಿದು ಕೂತೆ.

ಮೊಣಕಾಲಲ್ಲ ಎಂದು ಗೊತ್ತಾದದ್ದು ಮರುದಿನ. ಚರ್ಚಿನ ಪೂಜೆ ಮುಗಿಸಿ ಬರುತ್ತೇನೆ, ಎರಿಕಾಸ್ ನಮ್ಮ ಜಗಲಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ಕೇಕಿನ ಡಬ್ಬ. ಒಳಗೆ ಕರೆದೆ, ಕಾಫಿ ಮಾಡಿದೆ. ಅವನು ನಿನ್ನ ವಯಸ್ಸು, ನಿನ್ನ ಮೊಣಕಾಲು, ವಸಂತಕ್ಕೆ ಮುಗಿಯುವ ನಿನ್ನ ಒಪ್ಪಂದ ಎಲ್ಲ ವಿಚಾರಿಸಿದ. ಆಮೇಲೆ ಮೆಲ್ಲಗೆ, "ನನ್ನ ಫೋನ್ ತೆಗೀತಿಲ್ಲ ಅವ್ನು, ಎರಡು ತಿಂಗಳಾಯ್ತು. ನೀವೇ ಒಂದು ಮಾತು ಹೇಳ್ಬೇಕು ದೊಡ್ಡಮ್ಮ" ಎಂದ. ಏನು ಮಾತು ಎಂದೆ. "ಬರೋ ಶನಿವಾರ ಬೇಕಂತಲೇ ಒಂದು ಫೌಲ್ ಮಾಡಿ ಹಳದಿ ಕಾರ್ಡ್ ತಗೊಳ್ಲಿ. ಮಧ್ಯಂತರಕ್ಕೆ ಮೊದ್ಲು. ಅಷ್ಟೇ. ಸೋಲು ಅಂತಿಲ್ಲ, ಗೋಲು ಬಿಡು ಅಂತಿಲ್ಲ. ಹೇಗೂ ತಗೊಳ್ತಾನಲ್ಲ ಅವ್ನು, ಜೀವನವಿಡೀ ಅದನ್ನೇ ತಾನೇ ಮಾಡಿದ್ದು!" ಎಂದು ನಕ್ಕ. ಅದರ ಮೇಲೆ ಬಾಜಿ ಕಟ್ಟುವವರು ಯಾರೋ ದೂರದಲ್ಲಿದ್ದಾರಂತೆ, ಯಾರಿಗೂ ನೋವಿಲ್ಲವಂತೆ. ನಾನು ಕಾಫಿಯ ಲೋಟ ಕೆಳಗಿಟ್ಟು, ನಿನ್ನ ಕೇಕು ತಗೊಂಡು ಎದ್ದು ಹೋಗು ಎಂದೆ. ಅವನು ಏಳಲಿಲ್ಲ. "ಸೌದೆ ಯಾರದು ಅಂದ್ಕೊಂಡಿದ್ರಿ? ಮೈ ಕಾಯಿಸ್ಕೊಂಡಾಯ್ತು, ಈಗ ಹೋಗು ಅಂದ್ರೆ ಹೇಗೆ?" ಎಂದ. ಉಳಿದದ್ದನ್ನು ಈಗಲೇ ಲಾರಿ ತರಿಸಿ ತುಂಬಿಕೋ ಎಂದೆ. ಹೋಗುವಾಗ ಅವನು ಸೌದೆ ಒಟ್ಟಿದ್ದ ಕೊಟ್ಟಿಗೆಯ ಹತ್ತಿರ ನಿಂತು ಒಂದು ತುಂಡು ಎತ್ತಿ ಮೂಸಿ ನೋಡಿದ. "ಎಷ್ಟು ಚೆನ್ನಾಗಿ ಒಣಗಿದೆ. ಹುಷಾರಾಗಿರಿ ದೊಡ್ಡಮ್ಮ, ಒಂದು ಕಡ್ಡಿ ಗೀರಿದ್ರೆ ಸಾಕು" ಎಂದ. ನಗುತ್ತಲೇ ಅಂದ. ನನ್ನ ಕೈಯ ಕಡುಬು ತಿಂದ ಬಾಯಿ ಅದು.

ಸಂಜೆ ನಿನಗೆ ಫೋನ್ ಮಾಡಿದೆ. ಸೌದೆ ನೀನು ಕಳಿಸಿದ್ದಾ ಎಂದು ಮಾತ್ರ ಕೇಳಿದೆ. ಯಾವ ಸೌದೆ ಎಂದು ನೀನು ಕೇಳಲಿಲ್ಲ, ವಿತೇನಿಸ್. "ಎರಿಕಾಸ್ ಬಂದಿದ್ನಾ?" ಎಂದು ನೀನೇ ಕೇಳಿದೆ. ನಾನು ಅವನ ಹೆಸರೇ ಎತ್ತಿರಲಿಲ್ಲ. ನಾನು ಏನೋ ಹೇಳಲು ಹೋದೆ, ನೀನು "ಬಸ್ ಹೊರಡ್ತಿದೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಇವತ್ತಿನವರೆಗೂ ಮಾಡಲಿಲ್ಲ.

ಆವತ್ತಿನಿಂದ ನಾನು ಒಲೆ ಹಚ್ಚಿಲ್ಲ. ಕಾಝಿಸ್ ವಿದ್ಯುತ್ ಹೀಟರು ತಂದಿಟ್ಟಿದ್ದಾನೆ, ಅದು ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ, ಬೆಚ್ಚಗಾಗುವುದು ನನ್ನ ಒಂದು ಕಾಲು ಮಾತ್ರ. ಅದರ ಮುಂದೆ ಕೂತು ಕೂತು ನನಗೆ ಹೊಳೆದದ್ದನ್ನು ಹೇಳುತ್ತೇನೆ. ತಪ್ಪಾಗಿದ್ದರೆ ಬೈದುಬಿಡು. ನೀನು ಅವನಿಗೆ ಹೂಂ ಅಂದಿಲ್ಲ. ಅಂದಿದ್ದರೆ ಅವನು ನನ್ನ ಜಗಲಿಗೆ ಯಾಕೆ ಬರುತ್ತಿದ್ದ? ನೀನು ಊಹೂಂ ಎಂದೂ ಗಟ್ಟಿಯಾಗಿ ಹೇಳಿಲ್ಲ, ಯಾರಿಗೂ ತಿಳಿಸಿಯೂ ಇಲ್ಲ. ಫೋನ್ ತೆಗೆಯದಿದ್ದರೆ ತಾನಾಗಿ ಹೋಗುತ್ತಾನೆ ಎಂದುಕೊಂಡೆ ನೀನು. ಈಗ ಮೈದಾನಕ್ಕಿಳಿದರೆ, ಒಂದು ನಿಜವಾದ ಫೌಲಿಗೆ ರೆಫರಿ ಹಳದಿ ಕಾರ್ಡ್ ತೋರಿಸಿದರೂ ಎರಿಕಾಸ್ ಅದನ್ನು ನಿನ್ನ ಒಪ್ಪಿಗೆ ಎಂದುಕೊಳ್ಳುತ್ತಾನೆ, ಮುಂದೆ ಯಾರಾದರೂ ವಿಚಾರಿಸಿದರೆ ಅವರೂ ಹಾಗೆಯೇ ಅಂದುಕೊಳ್ಳುತ್ತಾರೆ, ಎಂಬ ಹೆದರಿಕೆ ನಿನಗೆ. ಅದಕ್ಕೇ ಕಾಲು ಹಿಂದಕ್ಕೆ. ಆ ಕಾಲನ್ನೇ ನಂಬಿ ಅನ್ನ ತಿಂದವನು ನೀನು. ಮೊನ್ನೆ ನಿನ್ನ ತಂಡ ಸೋತದ್ದೂ ಹಾಗೆಯೇ. ಅವನು ಕೇಳಿದ್ದಕ್ಕಿಂತ ಹೆಚ್ಚನ್ನೇ ನೀನು ಕೊಟ್ಟುಬಿಟ್ಟೆ, ಅವನಿಗೆ ಗೊತ್ತಿಲ್ಲ ಅಷ್ಟೆ.

ನೀನು ಪೋಲೆಂಡಿನಲ್ಲಿದ್ದಾಗ ನಿನ್ನ ಕೋಣೆಯ ಜೊತೆಗಾರ, ಆ ಗೋಲ್‌ಕೀಪರ್ ಹುಡುಗನ ಕಥೆ ನೀನೇ ಹೇಳಿದ್ದೆ. ಅವನು ಏನೂ ಮುಟ್ಟಿರಲಿಲ್ಲ, ಯಾರೋ ಬಂದು ಕೇಳಿದ್ದನ್ನು ತಿಳಿಸದೆ ಸುಮ್ಮನಿದ್ದ, ಅಷ್ಟಕ್ಕೇ ಅವನನ್ನು ಆಟದಿಂದಲೇ ಹೊರಗೆ ಹಾಕಿದರು ಎಂದು. "ಸುಮ್ನಿದ್ದಿದ್ದೇ ತಪ್ಪಾಯ್ತು ದೊಡ್ಡಮ್ಮ" ಎಂದು ಕಣ್ಣೊರೆಸಿಕೊಂಡಿದ್ದೆ. ಈಗ ನೀನು ಅದೇ ಜಾಗದಲ್ಲಿ ಕೂತಿದ್ದೀಯ. ವಸಂತದಲ್ಲಿ ಇಲ್ಲೇ ಹತ್ತಿರದ ಕೌನಾಸ್ ನಗರದ ಶಾಲೆಯವರು ಮಕ್ಕಳಿಗೆ ಆಟ ಕಲಿಸಲು ಕರೆದಿದ್ದಾರೆ, ಆ ಕೆಲಸ ಹೋಗುತ್ತದೆ ಎಂದೇ ನೀನು ಬಾಯಿ ಬಿಡುತ್ತಿಲ್ಲ, ನನಗೆ ಗೊತ್ತು. ಇಷ್ಟು ದೇಶ ಸುತ್ತಿ ಕೊನೆಗೆ ಮನೆಗೆ ಬರುವ ದಾರಿ ಅದೊಂದೇ. ನನಗೂ ನೀನು ಬರಬೇಕು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಬೇಡುತ್ತೇನೆ. ಆದರೆ ಮಕ್ಕಳ ಮುಂದೆ ನಿಂತು ಚೆಂಡಿಗೆ ಕಾಲು ಹಾಕುವುದು ಹೇಗೆ ಎಂದು ಕಲಿಸುವಾಗ ನಿನಗೆ ಕಾಲು ಹಿಂದಕ್ಕೆಳೆದುಕೊಂಡ ಈ ಶನಿವಾರಗಳು ನೆನಪಾಗಬಾರದು.

ನನಗೇನಾದೀತೆಂದು ಹೆದರಿ ಸುಮ್ಮನಿರಬೇಡ. ಉಳಿದ ಸೌದೆಯನ್ನು ಕಾಝಿಸ್ ಮತ್ತು ಅವನ ಅಳಿಯ ಗೋಡೆಯಿಂದ ದೂರ, ರಸ್ತೆಯ ಬದಿಗೆ ಒಟ್ಟಿದ್ದಾರೆ. ರಾತ್ರಿ ಕಾಝಿಸ್ ನಮ್ಮ ಮುಂದಿನ ಕೋಣೆಯಲ್ಲೇ ಮಲಗುತ್ತಾನೆ. ಅವನ ಗೊರಕೆ ಕೇಳಿದರೆ ಯಾವ ಕಳ್ಳನೂ ಬರುವುದಿಲ್ಲ. ಊರಿನವರು ಏನೆಂದುಕೊಳ್ಳುತ್ತಾರೋ, ಈ ವಯಸ್ಸಿನಲ್ಲಿ ಇನ್ನು ನನ್ನ ಮಾನಕ್ಕೆ ಏನು ಧಕ್ಕೆ! ನೀನು ಹೊಟ್ಟೆತುಂಬ ಊಟ ಮಾಡು, ಮೊಣಕಾಲು ನೋಡಿಕೋ. ದೇವರು ನಿನ್ನ ಬೆನ್ನ ಹಿಂದೆಯೂ ಮುಂದೆಯೂ ಇರಲಿ. ಕಾಝಿಸ್ ನೆನಪು ಹೇಳಿದ್ದಾನೆ, "ಕಾಲು ಹಾಕು ಅಂತ ಹೇಳು" ಎಂದೂ ಹೇಳಿದ್ದಾನೆ.

ನಿನ್ನನ್ನೇ ನೆನೆಯುತ್ತಿರುವ,
ಎಲ್ವೀರಾ ದೊಡ್ಡಮ್ಮ

ಮರೆತೆ ಎಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ನಾನು ಪೊಲೀಸ್ ಠಾಣೆಗೆ ಹೋಗಿ ಸೌದೆ, ಎರಿಕಾಸ್, ಹಳದಿ ಕಾರ್ಡ್ ಎಲ್ಲವನ್ನೂ ಹೇಳಿ ಸಹಿ ಹಾಕಿ ಬಂದೆ. ನಿನ್ನ ಹೆಸರನ್ನೂ ಹೇಳಿದೆ, ಹೇಳದೆ ಆಗುತ್ತಿರಲಿಲ್ಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅದು ಮಾಲ್ಟಾದ ಫುಟ್‌ಬಾಲ್ ಒಕ್ಕೂಟಕ್ಕೆ ತಲುಪುತ್ತದಂತೆ. "ಒಕ್ಕೂಟದವ್ರು ಕೇಳ್ಕೊಂಡು ಬರೋಕೆ ಮುಂಚೆ ನಿಮ್ಮ ಹುಡುಗ ತಾನೇ ಹೋಗಿ ಹೇಳಿದ್ರೆ ಸಾಕ್ಷಿ ಆಗ್ತಾನೆ, ಅಜ್ಜಿ. ಆಮೇಲೆ ಹೇಳಿದ್ರೆ ಏನಾಗ್ತಾನೋ ನಾನು ಹೇಳಕ್ಕಾಗಲ್ಲ" ಎಂದಳು ಠಾಣೆಯಲ್ಲಿದ್ದ ಪೊಲೀಸ್ ಹುಡುಗಿ. ಈ ಕಾಗದ ನಿನಗೆ ಸಿಗುವುದು ಬುಧವಾರ ಸಂಜೆ. ನಿನಗಿರುವುದು ಅಷ್ಟೇ ಸಮಯ, ಮಗಾ. ಡೈವಾ ಬಾಗಿಲಲ್ಲೇ ನಿಂತಿರುತ್ತಾಳೆ, ಅವಳಿಗೆ ನಾನು ಎಲ್ಲ ಹೇಳಿದ್ದೇನೆ. ನೀನು ಒಕ್ಕೂಟದವರಿಗೆ ಫೋನ್ ಮಾಡಿ ಮುಗಿಸುವವರೆಗೂ ಅವಳು ಅಲ್ಲಿಂದ ಕದಲುವುದಿಲ್ಲ.